ಆ ಹಸಿರು ಬಂದದ್ದು ಎಲ್ಲಿಂದ?

ಮೈಸೂರು
ಆಗಸ್ಟ್ 27

ಪ್ರೀತಿಯ ಕೂಸೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. "ಎಷ್ಟು ಸಲ ಬ್ರಷ್ ಹಾಕಿದರೂ ಬಟ್ಟೆ ಹಸಿರಾಗಿಯೇ ಬರ್ತಿದೆ ಅಪ್ಪ, ಕೋವಿಯ ನಳಿಗೆ ಹಾಳಾಗಿದೆಯಾ?" ಅಂದೆ. ಅತ್ತೆ ಮನೆಯಲ್ಲಿ ಎಲ್ಲರೂ ಮಲಗಿದ್ದರು, ಜಾಸ್ತಿ ಮಾತಾಡಲು ಆಗಲಿಲ್ಲ. ಮಂಡಿ ಆಪರೇಷನ್ ಆದ ಕಾರಣ ಇನ್ನೂ ಹತ್ತು ದಿನ ನನಗೆ ಪ್ರಯಾಣವಿಲ್ಲ. ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವ ನಮ್ಮ ಕೊಡಗಿನ ಹಬ್ಬ. ಈ ವರ್ಷ ಕೋವಿ ನಿನ್ನ ಕೈಯಲ್ಲೇ ತಯಾರಾಗಬೇಕು.

ನಳಿಗೆಗೆ ಏನೂ ಆಗಿಲ್ಲ, ಹೆದರಬೇಡ. ಆ ಹಸಿರು ಬರ್ತಿರುವುದು ನಿನ್ನ ಬ್ರಷ್ಷಿನಿಂದ.

ರೈಫಲ್ಲಿನ ಗುಂಡಿಗೆ ಮೇಲೆ ತಾಮ್ರದ ಹೊದಿಕೆ ಇರುತ್ತದೆ. ಅದು ಬಿಸಿಯಲ್ಲಿ ಉಜ್ಜಿಕೊಂಡು ಹೋಗುವಾಗ ನಳಿಗೆಯ ಒಳಗಿನ ತಿರುಪು ಗೀರುಗಳಲ್ಲಿ ಸ್ವಲ್ಪ ತಾಮ್ರ ಅಂಟಿಕೊಳ್ಳುತ್ತದೆ. ಕಪಾಟಿನಲ್ಲಿರುವ ಎರಡು ಬಾಟಲಿಗಳಲ್ಲಿ ಮೂಗಿಗೆ ಚುಚ್ಚುವ ವಾಸನೆಯದ್ದು ಆ ತಾಮ್ರ ಕರಗಿಸುವುದಕ್ಕೆ. ಅದರಲ್ಲಿ ಅಮೋನಿಯಾ ಇದೆ. ಕರಗಿದ ತಾಮ್ರ ಬಟ್ಟೆ ಮೇಲೆ ನೀಲಿ ಹಸಿರಾಗಿ ಕಾಣುತ್ತದೆ. ಆದರೆ ನೀನು ಹಾಕಿದ್ದು ಕಂಚಿನ ಬ್ರಷ್. ಕಂಚಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ತಾಮ್ರವೇ ಇರುವುದು. ಆ ದ್ರಾವಣ ನಳಿಗೆಯ ತಾಮ್ರದ ಜೊತೆ ಬ್ರಷ್ಷನ್ನೂ ತಿನ್ನುತ್ತಿದೆ. ನೀನು ಇನ್ನೂ ನೂರು ಸಲ ಹಾಕಿದರೂ ಹಸಿರು ನಿಲ್ಲುವುದಿಲ್ಲ.

ಬೇಕಾದರೆ ನೋಡು. ಒಂದು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಬ್ರಷ್ ಇಟ್ಟು ಆ ದ್ರಾವಣ ಎರಡು ಹನಿ ಬಿಡು. ಕಾಫಿ ಕುಡಿದು ಬಾ. ಬ್ರಷ್ಷಿನ ಸುತ್ತ ನವಿಲು ಬಣ್ಣದ ಕಲೆ ಹರಡಿರುತ್ತದೆ. ರಾಡಿನ ತುದಿಗೆ ಹಿತ್ತಾಳೆ ಮೊನೆ ಹಾಕಿದರೂ ಇದೇ ಕತೆ.

ಅದಕ್ಕೇ ಎರಡು ಬ್ರಷ್ ಇಟ್ಟಿರುವುದು. ಮೊದಲು ಇನ್ನೊಂದು ಬಾಟಲಿಯ ಮಾಮೂಲಿ ಸಾಲ್ವೆಂಟ್ ಹಚ್ಚಿ ಕಂಚಿನ ಬ್ರಷ್ಷಿನಿಂದ ಮದ್ದಿನ ಮಸಿ ತೆಗಿ. ಎಂಟು ಹತ್ತು ಸಲ ಸಾಕು. ಬಟ್ಟೆ ಕಪ್ಪಾಗುವುದು ನಿಂತ ಮೇಲೆ ಒಣ ಬಟ್ಟೆ ಎಳೆದು, ಆಮೇಲೆ ಅಮೋನಿಯಾ ಬಾಟಲಿ ತೆಗೆದುಕೊ, ಜೊತೆಗೆ ಕಪ್ಪು ನೈಲಾನ್ ಬ್ರಷ್. ಕಿಟಕಿ ತೆರೆದಿಡು. ಬಾಟಲಿ ಮೇಲೆ ಬರೆದ ಹೊತ್ತಿಗಿಂತ ಜಾಸ್ತಿ ಒಳಗೆ ಬಿಡಬೇಡ. ಈಗ ಹಸಿರು ಬಂದರೆ ಅದು ನಿಜವಾದ ಹಸಿರು. ಸ್ಟೀಲ್ ತಂತಿಯ ಬ್ರಷ್ ಮಾತ್ರ ಯಾರು ಕೊಟ್ಟರೂ ಮುಟ್ಟಬೇಡ. ಅದು ನಳಿಗೆಯನ್ನೇ ಗೀಚುತ್ತದೆ.

ಅಳತೆಯೂ ನೋಡು. ನಮ್ಮ ರೈಫಲ್ .315. ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ 315 ಪಾಲು, ಸರಿಯಾಗಿ 8 ಮಿಲಿಮೀಟರ್. ಅದಕ್ಕೆ 8 ಮಿ.ಮೀ. ಬ್ರಷ್. ದೊಡ್ಡಪ್ಪನ .22ರ ಬ್ರಷ್ ಹಾಕಿದರೆ ಗೋಡೆಗೇ ತಾಗದೆ ಸುಮ್ನೆ ಹೋಗಿ ಬರುತ್ತದೆ. ಸರಿಯಾದ ಬ್ರಷ್ ಸ್ವಲ್ಪ ಬಿಗಿಯಾಗಿಯೇ ಹೋಗಬೇಕು, ಕೈಗೆ ತಿರುಪು ಗೊತ್ತಾಗಬೇಕು. ರಾಡಿನ ಹಿಡಿ ತಾನಾಗಿ ತಿರುಗುತ್ತದೆ, ಬಿಗಿಯಾಗಿ ಹಿಡಿದು ತಡೆಯಬೇಡ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ನಾನು ಕೋವಿ ಒರೆಸಲು ಕಲಿತದ್ದು ನಿನ್ನ ಮುತ್ತಜ್ಜನ ಕೇಪಿನ ಕೋವಿಯಲ್ಲಿ. ಆ ಹಳೇ ಕೋವಿಗೆ ಮದ್ದು ಹಾಕುವುದೂ ನಳಿಗೆಯ ಬಾಯಿಯಿಂದ, ಗಜ ಹಾಕಿ ಒರೆಸುವುದೂ ಅದೇ ಬಾಯಿಯಿಂದ. ರೈಫಲ್ ಬಂದ ಮೇಲೂ ನನಗೆ ಅದೇ ಅಭ್ಯಾಸ. ನಾಲ್ಕೈದು ವರ್ಷ ಮುಂದಿನಿಂದಲೇ ರಾಡು ತೂರಿಸಿ ಉಜ್ಜಿದೆ. ರಾಡಿಗೆ ಅಂಟಿದ ಸಣ್ಣ ಮರಳು ನಳಿಗೆಯ ಬಾಯಂಚನ್ನು ಒಂದೇ ಕಡೆ ಸವೆಸಿಬಿಟ್ಟಿತು. ಗುಂಡು ಕೊನೆಗೆ ಬಿಟ್ಟುಹೋಗುವ ಜಾಗ ಅದು. ಅಲ್ಲಿ ವಾರೆಯಾದರೆ ಗುರಿ ಕೂರುವುದಿಲ್ಲ. ಒಂದು ವರ್ಷ ಹಬ್ಬದ ದಿನ ಮೂರು ತೋಟೆ ಹೊಡೆದೆ. ತೆಂಗಿನಕಾಯಿ ಅಲ್ಲಾಡಲಿಲ್ಲ. ಅಜ್ಜ ಏನೂ ಅನ್ನಲಿಲ್ಲ. ಕೋವಿ ತೆಗೆದುಕೊಂಡು ಹೆಬ್ಬೆರಳಿನಿಂದ ಬಾಯಂಚು ಸವರಿದರು, ನನ್ನ ಬೆರಳನ್ನೂ ಹಿಡಿದು ಅಲ್ಲಿಡಿಸಿದರು. ಆ ತಗ್ಗು ಇನ್ನೂ ಬೆರಳಲ್ಲಿದೆ. ಮಿಸ್ತ್ರಿಯ ಹತ್ತಿರ ಬಾಯಿ ಹೊಸದಾಗಿ ಕಡೆಸಬೇಕಾಯಿತು.

ಅದಕ್ಕೆ ಬೋಲ್ಟ್ ಕಳಚಿ ಹಿಂದಿನಿಂದ ತೂರಿಸು. ಪ್ರತಿ ಸಲ ರಾಡು ಒರೆಸು. ಬ್ರಷ್ ಪೂರ್ತಿ ಬಾಯಿಂದ ಹೊರಬಂದ ಮೇಲೇ ವಾಪಸ್ ಎಳಿ. ನಡುವೆ ದಿಕ್ಕು ಬದಲಿಸಿದರೆ ಕಡ್ಡಿಗಳು ಮಡಚಿ ಸಿಕ್ಕಿಕೊಳ್ಳುತ್ತವೆ. ಇದಕ್ಕೆಲ್ಲ ಮೊದಲು ತೋಟೆ ಇಲ್ಲ ಅಂತ ಕಣ್ಣಲ್ಲೂ ನೋಡು, ಕಿರುಬೆರಳು ಹಾಕಿಯೂ ನೋಡು. ಗೊತ್ತಿದ್ದರೂ ನೋಡು.

ಕೊನೆಗೆ ತೆಳುವಾಗಿ ಎಣ್ಣೆ. ಈ ಮಳೆಯಲ್ಲಿ ಚರ್ಮದ ಚೀಲದೊಳಗೆ ಇಡಬೇಡ, ಚರ್ಮ ತೇವ ಹಿಡಿದುಕೊಂಡು ತುಕ್ಕು ಬರಿಸುತ್ತದೆ. ಕಬ್ಬಿಣದ ಕಪಾಟಿನಲ್ಲೇ ಬೀಗ ಹಾಕಿಡು. ಹಬ್ಬದ ಬೆಳಿಗ್ಗೆ ಒಣ ಬಟ್ಟೆಯಿಂದ ಎಣ್ಣೆ ಪೂರ್ತಿ ತೆಗೆದು, ಆಮೇಲೆ ಪೂಜೆಯ ಹೂವು ತೋಕ್ ಪೂ ಇಡು.

ನೀನು ಕೇಳಿದ್ದೆ, ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯೇ ಇಲ್ಲವಲ್ಲ, ವರ್ಷಕ್ಕೆ ನಾಲ್ಕು ತೆಂಗಿನಕಾಯಿಗೆ ಇಷ್ಟೆಲ್ಲ ಯಾಕೆ ಅಂತ. ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮ್ಮಾ ಜಮೀನಿನ ಹಿಡುವಳಿಯವರು ಅಂತ ಲೈಸೆನ್ಸಿಲ್ಲದೆ ನಮ್ಮ ಮನೆಯಲ್ಲಿ ಕೋವಿ ಇಡಲು ಬಿಟ್ಟಿದ್ದಾರೆ ಕೂಸೇ. ಅದನ್ನು ತುಕ್ಕು ಹಿಡಿಸಿ ಮೂಲೆಗಿಡಲು ನನಗೆ ಮನಸ್ಸು ಬರುವುದಿಲ್ಲ.

ನಿನ್ನ ಕಂಚಿನ ಬ್ರಷ್ಷನ್ನು ಈಗಲೇ ಸೋಪು ನೀರಲ್ಲಿ ತೊಳೆದು ಒಣಗಿಸು. ಕಡ್ಡಿ ಉದುರಿದ್ದರೆ ಮೇಲಿನ ಡ್ರಾಯರಿನಲ್ಲಿ ಹೊಸದಿದೆ. ನಾಳೆ ನೈಲಾನ್ ಹಾಕಿದ ಮೇಲೆ ಬಟ್ಟೆಯ ಫೋಟೋ ತೆಗೆದು ಕಳಿಸು, ನೋಡುತ್ತೇನೆ.

ನಿನ್ನ
ಅಪ್ಪ