ನೆಸ್ತೋರಿಯಸ್ ಹಾಗೆ ಹೇಳಲಿಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯ ಲೇಖನವೊಂದರಲ್ಲಿ ‘ಯೇಸು ಬರೀ ಮನುಷ್ಯ ಎಂದು ಸಾರಿದ ನೆಸ್ತೋರಿಯಸ್’ ಎಂಬ ಮಾತಿದೆ. ಐದನೇ ಶತಮಾನದ ಆ ಧರ್ಮಾಧ್ಯಕ್ಷ (ಬಿಷಪ್) ಹಾಗೆ ಹೇಳಲಿಲ್ಲ. ಮಗನಾದ ಯೇಸು ತಂದೆಯಾದ ದೇವರಿಗೆ ಸಮಾನನಲ್ಲ, ಸೃಷ್ಟಿಯಾದವನು ಎಂದದ್ದು ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್. ಆ ವಾದವನ್ನು 325ರಲ್ಲೇ ನಿಸೇಯದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ತಳ್ಳಿಹಾಕಿತ್ತು. ನೆಸ್ತೋರಿಯಸನಾದರೋ 428ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪೀಠವೇರಿದ ಕೆಲವೇ ದಿನಗಳಲ್ಲಿ ಅರಿಯಸನ ಪಂಥದವರ ಪ್ರಾರ್ಥನಾಲಯ ಕೆಡವಲು ಹೊರಟವನು.

ನಾನು ಕಥೋಲಿಕಳು. ಮೈಸೂರಿನ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ನಮ್ಮನ್ನೆಲ್ಲ ಜಪಸರಕ್ಕೆ (ಮಣಿಮಾಲೆ ಹಿಡಿದು ಮಾಡುವ ಪ್ರಾರ್ಥನೆ) ಕೂರಿಸುತ್ತಿದ್ದರು. ಒಂದು ಜಪಸರ ಮುಗಿಯುವಷ್ಟರಲ್ಲಿ 53 ಸಲ ಮರಿಯಮ್ಮನವರನ್ನು ‘ದೇವಮಾತೆ’ ಎಂದು ಕರೆದಿರುತ್ತಿದ್ದೆವು. ಆ ಒಂದು ಪದಕ್ಕಾಗಿ ಧರ್ಮಸಭೆಯೇ ಒಡೆದಿತ್ತೆಂದು ತಿಳಿದದ್ದು ಎಂ.ಎ. ಓದುವಾಗ.

ಗ್ರೀಕಿನಲ್ಲಿ ಅದು ಥಿಯೊಟೊಕೋಸ್, ದೇವರನ್ನು ಹೆತ್ತವಳು. ಅನಾದಿಯಾದ ದೇವರಿಗೆ ಹುಟ್ಟೆಲ್ಲಿಯದು ಎಂಬುದು ನೆಸ್ತೋರಿಯಸನ ಅಳುಕು. ಹಸಿದದ್ದು, ಅತ್ತದ್ದು, ಸತ್ತದ್ದು ಮನುಷ್ಯ ಸ್ವಭಾವ. ಅದನ್ನು ದೈವ ಸ್ವಭಾವದೊಡನೆ ಕಲಸಬಾರದು, ‘ಕ್ರಿಸ್ತಮಾತೆ’ ಎಂದರೆ ಎರಡಕ್ಕೂ ಸಲ್ಲುತ್ತದೆ ಎಂದ. ಹೀಗೆ ಬಿಡಿಸಿಟ್ಟರೆ ಒಬ್ಬ ಕ್ರಿಸ್ತ ಇಬ್ಬರಾಗುತ್ತಾನೆ ಎಂಬುದು ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲನ ಆಕ್ಷೇಪ. ಇದರಲ್ಲಿ ನಾನು ಸಿರಿಲನ ಕಡೆಯವಳೇ. ಹೆತ್ತವಳು ಮಗನಿಗೆ ತಾಯಿ, ಮಗನ ಸ್ವಭಾವಕ್ಕಲ್ಲ.

ಆದರೆ ಈ ವಿವಾದ ತೀರ್ಮಾನಿಸಲು 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ನಡೆದ ಬಗೆಯನ್ನು, ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳಾಗಿ, ಒಪ್ಪಲಾರೆ. ಅಂತಿಯೋಕ್ಯದ ಧರ್ಮಾಧ್ಯಕ್ಷರು ಇನ್ನೂ ದಾರಿಯಲ್ಲಿದ್ದಾಗಲೇ ಸಿರಿಲ್ ಜೂನ್ 22ರಂದು ಸಭೆ ಕೂಡಿಸಿದ. ಆಪಾದಿತ ನೆಸ್ತೋರಿಯಸ್ ಎದುರಿಗಿಲ್ಲದೆಯೇ ಅಂದೇ ಅವನ ವಿರುದ್ಧ ತೀರ್ಪಾಯಿತು. ತಡವಾಗಿ ಬಂದವರು ಬೇರೆ ಸಭೆ ಸೇರಿ ಸಿರಿಲನನ್ನೇ ಪದಚ್ಯುತಗೊಳಿಸಿದರು. ಕೊನೆಗೆ ನೆಸ್ತೋರಿಯಸ್ ಈಜಿಪ್ಟಿನ ಮರುಭೂಮಿಗೆ ಗಡೀಪಾರಾದ, ಅವನ ಪುಸ್ತಕಗಳನ್ನು ಸುಡಲು ಚಕ್ರವರ್ತಿಯ ಆಜ್ಞೆ ಹೊರಟಿತು. ಹೀಗಾಗಿ ಶತಮಾನಗಳ ಕಾಲ ಜನ ಅವನನ್ನು ಅರಿತದ್ದು ಹೆಚ್ಚಾಗಿ ವಿರೋಧಿಗಳ ಬಾಯಿಂದಲೇ. ಗಡೀಪಾರಿನಲ್ಲಿದ್ದು ಬರೆದ ಸಮರ್ಥನೆಯ ಸಿರಿಯಾಕ್ ಅನುವಾದ ಬೆಳಕಿಗೆ ಬಂದದ್ದು 19ನೇ ಶತಮಾನದ ಕೊನೆಗೆ. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು ಎಂದೇ ಅದರಲ್ಲಿ ವಾದಿಸಿದ್ದಾನೆ.

ಪಕ್ಕದ ತ್ರಿಶೂರಿನಲ್ಲಿ ಇಂದಿಗೂ ಆತನನ್ನು ಗೌರವದಿಂದ ಸ್ಮರಿಸುವ ‘ಪೂರ್ವದ ಸಭೆ’ ಎಂಬ ಪ್ರಾಚೀನ ಕ್ರೈಸ್ತ ಪಂಥದವರಿದ್ದಾರೆ. 1994ರ ನವೆಂಬರ್ 11ರಂದು ಪೋಪ್ ಎರಡನೇ ಜಾನ್ ಪಾಲ್ ಮತ್ತು ಆ ಸಭೆಯ ಮುಖ್ಯಸ್ಥ ನಾಲ್ಕನೇ ಮಾರ್ ದಿನ್ಖಾ ಜಂಟಿ ಘೋಷಣೆಗೆ ಸಹಿ ಹಾಕಿ, ‘ದೇವಮಾತೆ’ ಎಂಬುದೂ ‘ನಮ್ಮ ದೇವರೂ ರಕ್ಷಕನೂ ಆದ ಕ್ರಿಸ್ತನ ಮಾತೆ’ ಎಂಬುದೂ ಒಂದೇ ವಿಶ್ವಾಸದ ಮಾತುಗಳೆಂದು ಒಪ್ಪಿದರು. ಅದನ್ನು ಅಮ್ಮನಿಗೆ ಓದಿ ಹೇಳಿದ್ದೆ. ಅಂದು ಜಪಸರದಲ್ಲಿ ಅವರು ತ್ರಿಶೂರಿನವರಿಗೂ ಒಂದು ಪ್ರಾರ್ಥನೆ ಸೇರಿಸಿದರು.

ದಯವಿಟ್ಟು ಆ ವಾಕ್ಯಕ್ಕೆ ತಿದ್ದುಪಡಿ ಪ್ರಕಟಿಸಿ.

– ನಿವೃತ್ತ ಇತಿಹಾಸ ಅಧ್ಯಾಪಕಿ, ಮೈಸೂರು