ಖಾಲಿ ಬಿಟ್ಟ ಜಾಗಕ್ಕೆ ಪಿಯಾನೊ ತುಂಬಿದರೆ

ಸಂಪಾದಕರೆ, ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಪ್ರೇಮಕಥೆಯ ಮಾಂಗಾ (ಜಪಾನಿನ ಚಿತ್ರಕಥೆ ಪುಸ್ತಕ) ಓದಲು ಪುರುಸೊತ್ತಿಲ್ಲದವರು ಅದರ ಅನಿಮೆ ನೋಡಿದರೂ ಸಾಕು, ಕಥೆ ಅದೇ ತಾನೇ ಎಂದು ಬರೆದಿದ್ದಾರೆ. ಕಥೆ ಅದೇ, ಒಪ್ಪಿದೆ. ಆದರೆ ಈ ಪುಸ್ತಕಗಳನ್ನು ಯಾರಾದರೂ ಕಥೆಗೋಸ್ಕರ ಓದ್ತಾರಾ? ಅವನಿಗೆ ಅವಳು ಇಷ್ಟ, ಅವಳಿಗೂ ಅವನು ಇಷ್ಟ, ಬಾಯಿ ಬಿಟ್ಟು ಹೇಳೋದಕ್ಕೆ ಹತ್ತು ಸಂಪುಟ ಬೇಕು. ಇಷ್ಟೇ ಕಥೆ.

ನಾನು 22 ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಪುಸ್ತಕಗಳ ಪುಟ ಕಟ್ಟುವುದು. ಕೆಲಸ ಕೊಡುವವರೆಲ್ಲ ಕೇಳುವುದು ಒಂದೇ. "ಇಲ್ಲಿ ಇಷ್ಟು ಜಾಗ ಸುಮ್ನೆ ಬಿಟ್ಟಿದ್ದೀರಲ್ಲಾ, ಏನಾದ್ರೂ ಹಾಕ್ಬಾರ್ದಾ?" ಹಾಕುತ್ತೇನೆ. ಹೂವು ಹಾಕುತ್ತೇನೆ, ಬಳ್ಳಿ ಹಾಕುತ್ತೇನೆ. ಹಾಗಾಗಿ ಮಗಳ ಮೇಜಿನ ಮೇಲಿದ್ದ ಮಾಂಗಾ ಒಂದನ್ನು ತೆರೆದಾಗ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಅರ್ಧ ಪುಟ ಬಿಳಿ. ಒಂದು ಮೂಲೆಯಲ್ಲಿ ಹುಡುಗಿಯ ಕಣ್ಣು, ಇನ್ನೊಂದು ಮೂಲೆಯಲ್ಲಿ ನಾಲ್ಕು ಪದ. ಇವರನ್ನು ಯಾರೂ ಬೈಯುವುದಿಲ್ಲವೇ!

ನಾಚಿಕೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಾಂಗಾ ಓದುವುದು ಬಲದಿಂದ ಎಡಕ್ಕೆ. ಅದು ಗೊತ್ತಿಲ್ಲದೆ ನಾನು ಹಿಂಬದಿಯಿಂದ ಹದಿನೈದು ಪುಟ ಓದಿದ್ದೆ. ಹುಡುಗಿ ಮೊದಲು ಅಳುತ್ತಾಳೆ, ಆಮೇಲೆ ಹುಡುಗ ಅಳಿಸುವಂಥ ಮಾತಾಡುತ್ತಾನೆ. ಹೊಸ ಶೈಲಿ ಇರಬೇಕು ಅಂದುಕೊಂಡು ಮೆಚ್ಚಿಕೊಂಡೂ ಇದ್ದೆ. ಪುಟ ಕಟ್ಟುವವನ ಗತಿ ಇದು. ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಆ ಪುಸ್ತಕ ಕರುಹೊ ಶೀನಾ ಅವರ 'ಕಿಮಿ ನಿ ತೊದೊಕೆ'. 2005ರಲ್ಲಿ ಜಪಾನಿನ ಒಂದು ಮಾಸಪತ್ರಿಕೆಯಲ್ಲಿ ಶುರುವಾಗಿ 2017ರಲ್ಲಿ ಮುಗಿಯಿತು, ಒಟ್ಟು 30 ಸಂಪುಟ. ಸವಾಕೊ ಎಂಬ ಹೈಸ್ಕೂಲ್ ಹುಡುಗಿ. ಉದ್ದ ಕಪ್ಪು ಕೂದಲು, ನಗಲು ಬಾರದ ಮುಖ. ಅದಕ್ಕೆ ಜೊತೆಯವರು ಸಿನಿಮಾ ದೆವ್ವದ ಹೆಸರಿಟ್ಟು ಸದಾಕೊ ಅನ್ನುತ್ತಾರೆ. ಕಝೆಹಾಯಾ ಎಂಬ ಹುಡುಗ ಮಾತ್ರ ಅವಳ ಹತ್ತಿರ ಎಲ್ಲರ ಹತ್ತಿರ ಮಾತಾಡುವ ಹಾಗೇ ಮಾತಾಡುತ್ತಾನೆ.

ಇಂಥ ಮಾಂಗಾಗಳಲ್ಲಿ ಬಲೂನಿನ, ಅಂದರೆ ಪಾತ್ರದ ಪಕ್ಕ ಬರೆಯುವ ಗುಳ್ಳೆಯ, ಒಳಗಿನ ಅಕ್ಷರ ಬಾಯಿಂದ ಬಂದ ಮಾತು. ಬಲೂನಿಲ್ಲದೆ ಚಿತ್ರಗಳ ನಡುವೆ ತೇಲುವ ಅಕ್ಷರ ಮನಸ್ಸಿನದು. ಈ ತೇಲುವ ಸಾಲುಗಳನ್ನು ಅವಳು ಈಗ ಅಂದುಕೊಳ್ಳುತ್ತಿದ್ದಾಳಾ, ವರ್ಷಗಳಾದ ಮೇಲೆ ನೆನಪು ಮಾಡಿಕೊಳ್ಳುತ್ತಿದ್ದಾಳಾ? ಎಷ್ಟೋ ಸಲ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದೇ ಚೆಂದ. ಅನಿಮೆಯಲ್ಲಿ ಆ ಸಾಲನ್ನು ಯಾರಾದರೂ ಓದಲೇಬೇಕು. ಓದಿದ ಕೂಡಲೇ ಅದಕ್ಕೊಂದು ವಯಸ್ಸು, ಒಂದು ಧಾಟಿ ಬಂದುಬಿಡುತ್ತದೆ.

2009ರಲ್ಲಿ ಪ್ರೊಡಕ್ಷನ್ ಐ.ಜಿ. ಎಂಬ ಸ್ಟುಡಿಯೊ 'ಕಿಮಿ ನಿ ತೊದೊಕೆ'ಯ ಅನಿಮೆ ಮಾಡಿತು. ಸವಾಕೊಗೆ ದನಿ ಕೊಟ್ಟವರು ಮಾಮಿಕೊ ನೋಟೊ. ನಾನು ತಪ್ಪು ಹುಡುಕಲೆಂದೇ ಕೂತಿದ್ದೆ. ಅವರ ಅರ್ಧ ಪಿಸುಮಾತಿನಂಥ ದನಿ ಕೇಳಿ ಬಾಯಿ ಮುಚ್ಚಿಕೊಂಡೆ. ಬಣ್ಣವೂ ನೀರಲ್ಲಿ ಅದ್ದಿ ತೆಗೆದ ಹಾಗೆ ತೆಳು. ನನ್ನ ತಕರಾರು ಬೇರೆ. ಪುಟದ ಮೇಲೆ ಕಝೆಹಾಯಾನ ಮುಖ ನೋಡುತ್ತ ನಾನು ಬೇಕಾದಷ್ಟು ಹೊತ್ತು ಕೂರಬಹುದು. ಟಿವಿಯಲ್ಲಿ ಎರಡು ಸೆಕೆಂಡ್ ಆಗುವಷ್ಟರಲ್ಲಿ ಪಿಯಾನೊ ಶುರು. ಪಿಯಾನೊ ಬಂತು ಅಂದರೆ ಈಗ ಕರಗಿ ಅಂತ ಅರ್ಥ. ನನ್ನ ಪಾಡಿಗೆ ನಾನು ಕರಗುತ್ತಿದ್ದೆನಲ್ಲ, ಅವಸರ ಏನಿತ್ತು?

ಮಗಳು ಇದನ್ನು ಒಪ್ಪುವುದಿಲ್ಲ. "ಅಪ್ಪ, ನಿಂಗೆ ಕಾಗದ ಅಂದ್ರೆ ಇಷ್ಟ, ಅಷ್ಟೇ" ಅನ್ನುತ್ತಾಳೆ. ಅವಳೇ 'ಯುಬಿಸಾಕಿ ತೊ ರೆನ್‌ರೆನ್' ತೋರಿಸಿದಳು. ಸೂ ಮೊರಿಶಿತಾ ಎಂಬ ಹೆಸರಲ್ಲಿ ಇಬ್ಬರು ಸೇರಿ ಮಾಡುವ ಮಾಂಗಾ ಇದು, ಒಬ್ಬರದು ಕಥೆ, ಇನ್ನೊಬ್ಬರದು ಚಿತ್ರ. 2024ರಲ್ಲಿ 12 ಕಂತಿನ ಅನಿಮೆ ಬಂತು. ನಾಯಕಿ ಯುಕಿಗೆ ಹುಟ್ಟಿನಿಂದ ಕಿವಿ ಕೇಳಿಸದು. ರೈಲಿನಲ್ಲಿ ಒಬ್ಬ ವಿದೇಶಿ ಅವಳನ್ನು ದಾರಿ ಕೇಳುತ್ತಾನೆ. ಅವಳು ತಬ್ಬಿಬ್ಬಾದಾಗ ಪಕ್ಕದಲ್ಲಿದ್ದ ಇತ್ಸುಒಮಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಲ್ಲಿಂದ ಶುರು.

ಇದನ್ನು ನಾನು ಪುಸ್ತಕದಲ್ಲೂ ಓದಿದೆ, ತೆರೆಯ ಮೇಲೂ ನೋಡಿದೆ. ಪುಸ್ತಕದಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಯುಕಿಯ ಮನಸ್ಸಿನ ಮಾತೂ ಅಕ್ಷರ, ಇತ್ಸುಒಮಿಯ ಬಾಯಿ ಮಾತೂ ಅಕ್ಷರ. ರೈಲಿನ ಸದ್ದೂ ಕೂಡ ಚಿತ್ರವೇ. ಹಾಗಾಗಿ ಓದುವ ನಾನು, ಕೇಳಿಸದ ಅವಳು, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತ ಹಾಗೆ. ತೆರೆಯ ಮೇಲೆ ಅವಳ ಮನಸ್ಸಿಗೊಂದು ದನಿ ಬಂತು. ಅವನಿಗೂ ಬಂತು, ಹಿಂದೆ ಸಂಗೀತವೂ ಸೇರಿತು. ಈಗ ನನಗೆ ಎಲ್ಲ ಕೇಳಿಸುತ್ತದೆ, ಅವಳಿಗೆ ಕೇಳಿಸುವುದಿಲ್ಲ. ಬೆಂಚಿನಿಂದ ಎದ್ದು ಆಚೆ ನಿಂತು ಅವಳನ್ನು ನೋಡಿದ ಹಾಗಾಯಿತು. ಒಂದು ಸಾಲೂ ಬದಲಾಗದಿದ್ದರೂ ಇಷ್ಟು ವ್ಯತ್ಯಾಸ.

ಆದರೆ ಕೈಗಳು! ಪುಸ್ತಕದಲ್ಲಿ ಸನ್ನೆ ಭಾಷೆ ಅಂದರೆ ನಿಂತ ಕೈ. ಕೈ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ನಾವೇ ಊಹಿಸಬೇಕು. ಅನಿಮೆಯಲ್ಲಿ ಬೆರಳು ಮಡಚುವುದು, ಎದೆಯಿಂದ ಮುಂದಕ್ಕೆ ಬರುವುದು, ನಡುವೆ ತಡೆಯುವುದು, ಎಲ್ಲ ಕಾಣುತ್ತದೆ. ಅವಳಿಗಾಗಿ ಸನ್ನೆ ಕಲಿಯುವವನ ಕೈ, ಅದರಲ್ಲೇ ಬೆಳೆದವಳ ಕೈ, ಎರಡನ್ನೂ ಎದುರು ಬದುರು ಇಟ್ಟು ನೋಡಬಹುದು. ಮಗಳು ಆ ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದಳು. ಇದು ಕಾಗದದ ಕೈಲಿ ಆಗುವ ಕೆಲಸವಲ್ಲ. ಈ ಒಂದು ವಿಷಯದಲ್ಲಿ ಸೋತೆ.

ಇನ್ನು ಕಂತುಗಳ ಲೆಕ್ಕ. ಒಂದು ಕಂತು ಸುಮಾರು 24 ನಿಮಿಷ. ಮೊದಲ ಹಾಡು, ಕೊನೆಯ ಹಾಡು ತಲಾ 90 ಸೆಕೆಂಡ್. ಉಳಿಯುವುದು 21. ಮೂರು ತಿಂಗಳಿಗೆ 12 ಅಥವಾ 13 ಕಂತು. 2021ರ 'ಹೊರಿಮಿಯಾ' ಎಂಬ ಪ್ರೇಮಕಥೆಯ ಅನಿಮೆ ಹೀಗೇ ಮಾಂಗಾದ 16 ಸಂಪುಟವನ್ನು 13 ಕಂತಿಗೆ ತುರುಕಿತು. ಸುಮ್ಮನೆ ಹರಟೆಯ ದಿನಗಳೇ ಜಾಸ್ತಿ ಹಾರಿಹೋದವು. ಬಿಟ್ಟುಹೋದದ್ದನ್ನು ತೋರಿಸಲು 2023ರಲ್ಲಿ ಮತ್ತೆ 13 ಕಂತು ಮಾಡಬೇಕಾಯಿತು. ಊಟ ಮುಗಿದ ಮೇಲೆ ಉಪ್ಪು ಬಡಿಸಿದ ಹಾಗೆ.

ಖಾಲಿ ಜಾಗವನ್ನು ತೆರೆಯ ಮೇಲೆ ತರಲು ಆಗುವುದೇ ಇಲ್ಲವೇ ಎಂದರೆ, ಆಗುತ್ತದೆ. 1998ರಲ್ಲೇ ಗೈನಾಕ್ಸ್ ಸಂಸ್ಥೆಗಾಗಿ ನಿರ್ದೇಶಕ ಹಿದೇಆಕಿ ಅನ್ನೊ ಮಾಡಿ ತೋರಿಸಿದ್ದಾರೆ. ಅವರು ತೆರೆಗೆ ತಂದದ್ದು ಮಸಾಮಿ ತ್ಸುದಾ ಅವರ ಮಾಂಗಾ 'ಕರೆಶಿ ಕಾನೊಜೊ ನೊ ಜಿಜೊ', ಶಾಲೆಯಲ್ಲಿ ಜಾಣೆಯಾಗಿ ಮೆರೆದು ಮನೆಯಲ್ಲಿ ಸೋಮಾರಿಯಾಗಿ ಬಿದ್ದಿರುವ ಹುಡುಗಿಯ ಕಥೆ. ಅನ್ನೊ ಮಾಂಗಾದ ಕಪ್ಪು ಬಿಳುಪು ಚಿತ್ರಗಳನ್ನು ಹಾಗೇ ತೆರೆಗೆ ತಂದರು. ಮನಸ್ಸಿನ ಮಾತನ್ನು ಅಕ್ಷರದಲ್ಲೇ ಬರೆದು ತೋರಿಸಿದರು. ಇಬ್ಬರು ಎದುರು ಬದುರು ನಿಂತು ಮಾತು ಸಿಗದೆ ಒದ್ದಾಡುವಾಗ ಟ್ರಾಫಿಕ್ ದೀಪ, ವಿದ್ಯುತ್ ಕಂಬ ತೋರಿಸಿ ಸುಮ್ಮನಾಗುತ್ತಿದ್ದರು. ಒಂದು ಕಂತಿನಲ್ಲಂತೂ ಪಾತ್ರಗಳನ್ನು ಕಾಗದದಲ್ಲಿ ಕತ್ತರಿಸಿ, ಕಡ್ಡಿಗೆ ಅಂಟಿಸಿ ಆಡಿಸಿದ್ದಾರೆ. ಎಲ್ಲವೂ ಹಿಡಿಸಿತು ಅಂತಲ್ಲ. ಕೆಲವು ಕಡೆ ತಮಾಷೆ ಅತಿಯಾಯಿತು ಅನ್ನಿಸಿತು. ಮಾಂಗಾ ಇನ್ನೂ ನಡೆಯುತ್ತಿತ್ತು, ಆದ್ದರಿಂದ 26 ಕಂತಿಗೆ ಕಥೆ ಅರ್ಧಕ್ಕೇ ನಿಂತಿತು. ಆದರೂ ಆ ವಿದ್ಯುತ್ ಕಂಬಗಳನ್ನು ನೋಡಿದಾಗ ನಮ್ಮ ಕಸುಬಿನವರೇ ಯಾರೋ ಸಿಕ್ಕ ಹಾಗಾಯಿತು.

ಕೊನೆಗೆ ಒಂದು ಸಣ್ಣ ದೂರು, ನಿಮ್ಮ ಮೇಲೆಯೇ. ಆ ಲೇಖನದ ಜೊತೆ ಒಂದು ಮಾಂಗಾ ಚಿತ್ರ ಹಾಕಿದ್ದೀರಿ. ಹುಡುಗ ಹುಡುಗಿಯ ಮುಖ ಮಾತ್ರ ಇದೆ, ನಾಲ್ಕೂ ಕಡೆ ಒತ್ತಾಗಿ. ಅದರ ಮೂಲ ಪುಟ ನಮ್ಮ ಮನೆಯಲ್ಲಿದೆ, ತೆಗೆದು ನೋಡಿದೆ. ಆ ಇಬ್ಬರ ಸುತ್ತ ಮುಕ್ಕಾಲು ಪುಟ ಬಿಳಿ ಇದೆ. ಅದನ್ನು ಕತ್ತರಿಸಿ ಆ ಜಾಗದಲ್ಲಿ ಜಾಹೀರಾತು ಕೂರಿಸಿದವರು ನನ್ನಂಥವರೇ ಒಬ್ಬರು ಇರಬೇಕು. ಅವರ ಕಷ್ಟ ನನಗೆ ಗೊತ್ತು, ಬೈಯಬೇಡಿ. ಮುಂದಿನ ಸಲ ಪುಟ ಪೂರ್ತಿ ಹಾಕಲು ಅವರಿಗೊಂದು ಅವಕಾಶ ಕೊಡಿ, ಅಷ್ಟೇ.

ಇಂತಿ,
ನಿಮ್ಮ ಓದುಗ, ಒಬ್ಬ ಡಿಟಿಪಿ ಕೆಲಸಗಾರ