ಅರ್ಧ ಸುವಾರ್ತೆ ಸಾಲದು ಗೆಳೆಯಾ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಜೊತೆಗೆ ಕೆಲಸ ಮಾಡುವವನು "ನೀನು ಯೇಸುವನ್ನು ಯಾಕೆ ನಂಬ್ತೀಯ?" ಅಂತ ನೇರವಾಗಿ ಕೇಳಿದಾಗ "ಏನೋ ಸಮಾಧಾನ ಸಿಗುತ್ತೆ" ಅಂದು ಮಾತು ಮುಗಿಸಿದೆಯಂತೆ. ಅದರ ಮೇಲೆ, ಬಾಯಿಬಿಟ್ಟು ಹೇಳುವುದು ಯಾಕೆ, ನನ್ನ ಬದುಕೇ ಸಾಕ್ಷಿ ಅಲ್ವಾ ಅಂತ ಬೇರೆ ಬರೆದಿದ್ದೀಯ!

ಬದುಕು ಸಾಕ್ಷಿಯಾಗಲೇಬೇಕು, ಒಪ್ಪುತ್ತೇನೆ. ಆದರೆ ನಿನ್ನ ಬದುಕು ನೋಡಿದವರಿಗೆ ನೀನು ಒಳ್ಳೆಯವನು ಅಂತ ಗೊತ್ತಾಗುತ್ತದೆ, ಅಷ್ಟೇ. ಯೇಸು ಸ್ವಾಮಿ ಪಾಪಿಗಳಿಗಾಗಿ ಸತ್ತು ಎದ್ದರು ಅನ್ನುವುದು ಯಾರಾದರೂ ಹೇಳದೆ ತಿಳಿಯುವುದಿಲ್ಲ. ಸಾರುವವನಿಲ್ಲದೆ ಜನ ಕೇಳುವುದು ಹೇಗೆ ಅಂತ ಯೇಸುವಿನ ಅಪೊಸ್ತಲ ಪೌಲ ರೋಮಾಪುರದ ವಿಶ್ವಾಸಿಗಳಿಗೆ ಬರೆದಿದ್ದೂ ಇದನ್ನೇ.

ನನಗೆ ಜಾಸ್ತಿ ಚಿಂತೆ ಆ "ಸಮಾಧಾನ"ದ ಬಗ್ಗೆ. ನಾವೆಲ್ಲ ಈಗ ಸಮಾಧಾನ, ಆಶೀರ್ವಾದ, ಸ್ವಸ್ಥತೆ ಇಷ್ಟನ್ನೇ ಹೇಳುತ್ತೇವೆ, ಪಶ್ಚಾತ್ತಾಪದ ಮಾತು ಬಂದರೆ ಎದುರಿನವರಿಗೆ ಬೇಜಾರಾಗುತ್ತದೇನೋ ಅಂತ ಸುಮ್ನೆ ದಾಟಿಸಿಬಿಡುತ್ತೇವೆ. ಬೈಬಲಿನ ಮಾರ್ಕನ ಸುವಾರ್ತೆ ಪುಸ್ತಕದಲ್ಲಿ ಯೇಸು ಸ್ವಾಮಿ ಬಾಯಿ ತೆರೆದದ್ದೇ ಪಾಪ ಬಿಟ್ಟು ದೇವರ ಕಡೆ ತಿರುಗಿಕೊಳ್ಳಿ, ಸುವಾರ್ತೆಯನ್ನು ನಂಬಿ ಅಂತ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದು ಬಂದ ಪೆಂಟೆಕೋಸ್ಟ್ ದಿನ ಜನ "ನಾವೇನು ಮಾಡಬೇಕು?" ಅಂದಾಗ ಯೇಸುವಿನ ಶಿಷ್ಯ ಪೇತ್ರ ಮೊದಲು ಹೇಳಿದ್ದೂ ಅದೇ. ಅವತ್ತು ಸುಮಾರು 3,000 ಮಂದಿ ಸಭೆಗೆ ಸೇರಿದರು, ಯಾರೂ ಬೇಜಾರಾಗಿ ಎದ್ದು ಹೋದ ಹಾಗೆ ಕಾಣುವುದಿಲ್ಲ.

ಹಾಗಂತ ಅತ್ತು ಕರೆದರೆ ಪಶ್ಚಾತ್ತಾಪ ಆಗಿಹೋಯಿತು ಅಂದುಕೊಳ್ಳಬೇಡ. ಯೇಸುವನ್ನು ಹಿಡಿದುಕೊಟ್ಟ ಯೂದನೂ ನೊಂದುಕೊಂಡ, ಅದಕ್ಕಾಗಿ ಪಡೆದ 30 ಬೆಳ್ಳಿ ನಾಣ್ಯ ವಾಪಸ್ ಕೊಟ್ಟ, ಆದರೆ ಕರ್ತನ ಹತ್ತಿರ ಬರಲಿಲ್ಲ. ಯೇಸುವನ್ನು ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿ ಆಮೇಲೆ ಅತ್ತ ಪೇತ್ರ ವಾಪಸ್ ಬಂದ. ಇನ್ನು ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೋಡು. ಊರವರೆಲ್ಲ ಗೊಣಗುತ್ತಿರುವಾಗ ಯೇಸು ಸ್ವಾಮಿ ಅವನ ಮನೆಗೇ ಹೋದರು, ಅವನು ಸರಿಹೋಗಲಿ ಆಮೇಲೆ ನೋಡೋಣ ಅನ್ನಲಿಲ್ಲ. ಅವನು ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ. ಸುಂಕದವನ ಪಶ್ಚಾತ್ತಾಪ ದುಡ್ಡಿನ ಚೀಲದಲ್ಲಿ ಕಾಣಬೇಕಿತ್ತು, ಕಂಡಿತು.

ಇನ್ನೊಂದು ಮಾತು, ಇದು ಹೇಳುವವರಿಗೆ. ನಿನೆವೆ ಪಟ್ಟಣ ದೇವರು ಕಳಿಸಿದ ಪ್ರವಾದಿ ಯೋನನ ಮಾತು ಕೇಳಿ ತಿರುಗಿಕೊಂಡಿತು, ಅರಸನೇ ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂತ. ದೇವರು ಆ ಊರನ್ನು ಉಳಿಸಿದರು ಅಂತ ಸಿಟ್ಟು ಮಾಡಿಕೊಂಡು ಊರ ಹೊರಗೆ ಕೂತವನು ಸಾರಿದ ಯೋನನೇ! ಆ 1,20,000 ಜನರ ಮೇಲೆ ದೇವರಿಗಿದ್ದ ಕನಿಕರ ಪ್ರವಾದಿಗೆ ಇರಲಿಲ್ಲ. ಬೀದಿಯಲ್ಲಿ ನಿಂತು ನರಕ ನರಕ ಅಂತ ಕೂಗುವವರನ್ನು ಕಂಡಾಗ ನನಗೆ ಅವನ ನೆನಪೇ ಬರುತ್ತದೆ. ಯಾರನ್ನೂ ಹೆದರಿಸಬೇಡ, ಯಾರಿಗೂ ಏನೂ ಕೊಡುತ್ತೇನೆ ಅಂತ ಆಸೆ ತೋರಿಸಬೇಡ. ಕೇಳಿದವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಹೇಳಿ ಅಂತ ಪೇತ್ರನೇ ಬರೆದಿದ್ದಾನೆ.

ನಿನ್ನ ಜೊತೆಯವನು ತಾನಾಗಿಯೇ ಕೇಳಿದ್ದಾನೆ. ಅಂಥ ಅವಕಾಶಕ್ಕೆ ಎಷ್ಟೋ ಜನ ಪ್ರಾರ್ಥನೆ ಮಾಡುತ್ತಾರೆ ಮಾರಾಯಾ. ಈ ವಾರವೇ ಅವನ ಹತ್ತಿರ ಹೋಗು, "ಅವತ್ತು ಪೂರ್ತಿ ಹೇಳಲಿಲ್ಲ, ಕೂತು ಮಾತಾಡೋಣವಾ?" ಅಂತ ಕೇಳು. ಬೇಡ ಅಂದರೆ ಬಿಟ್ಟುಬಿಡು, ಸ್ನೇಹ ಮಾತ್ರ ಬಿಡಬೇಡ. ಏನಾಯಿತು ಅಂತ ಬರಿ, ಅಲ್ಲಿಯ ತನಕ ನಿಮ್ಮಿಬ್ಬರಿಗೂ ಪ್ರಾರ್ಥನೆ ಮಾಡುತ್ತಿರುತ್ತೇನೆ.

ನಿನ್ನ ಗೆಳೆಯ